ಸಂಬಳದ ದಿನವಿಲ್ಲದ ಸಾಮ್ರಾಜ್ಯ

2018ರ ಡಿಸೆಂಬರ್ ಕೊನೆಯ ವಾರ. ನಮ್ಮಕ್ಕನ ಮಾವನವರ ಜೊತೆ ನಾನು ‘ಕೆಜಿಎಫ್’ ಸಿನಿಮಾ ನೋಡಲು ಹೋಗಿದ್ದೆ. ಅವರು ಮಾರಿಕುಪ್ಪಂ ಕಡೆಯವರು. ಇಪ್ಪತ್ತೇಳು ವರ್ಷ ಭೂಮಿಯೊಳಗೆ ದುಡಿದು, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಮನೆಗೆ ಬಂದು ಕೂತವರು. ಮನೆಮಾತು ತಮಿಳು. ನನ್ನಂಥ ಬಂಗಾರಪೇಟೆ ಕಡೆಯ ಬೀಗರ ಜೊತೆ ಮಾತ್ರ ತಮ್ಮದೇ ಒಂದು ಕನ್ನಡ ಮಾತಾಡುತ್ತಾರೆ. ಥಿಯೇಟರಿನೊಳಗೆ ಶಿಳ್ಳೆ, ಕೇಕೆ, ಚೂರುಕಾಗದ. ಇವರು ಮಾತ್ರ ಮೂರು ಗಂಟೆ ಕೈಕಟ್ಟಿ ಕೂತಿದ್ದರು. ಹೊರಗೆ ಬಂದು ಟೀ ಕುಡಿಯುವಾಗ ಕೇಳಿದರು:

“ಎಲ್ಲಾ ಚೆನ್ನಾಗೈತಪ್ಪಾ. ಫೈಟು ಗೀಟು ಎಲ್ಲಾ ಚೆನ್ನಾಗೈತೆ. ಒಂದೇ ಒಂದು ಗೊತ್ತಾಗ್ಲಿಲ್ಲ. ಅಷ್ಟೊಂದು ಜನ ಕೆಲ್ಸ ಮಾಡ್ತಾರಲ್ಲ, ಅವ್ರಿಗೆ ಸಂಬಳದ ದಿನ ಯಾವತ್ತು?”

ನಾನು ನಕ್ಕೆ. “ಅವ್ರೆಲ್ಲ ಗುಲಾಮ್ರು ಮಾವ. ಗುಲಾಮ್ರಿಗೆಲ್ಲಿ ಸಂಬಳ?”

“ಹಂಗಾ?” ಅಂದರು. ಒಂದು ಗುಟುಕು ಕುಡಿದು, “ನಾವ್ಯಾವಾಗಪ್ಪಾ ಗುಲಾಮ್ರಾಗಿದ್ವಿ?” ಅಂದರು.

ಈ ಲೇಖನದಲ್ಲಿ ನಾನು ಹೇಳಬೇಕಾದದ್ದೆಲ್ಲ ಆ ಮಾತಿನಲ್ಲೇ ಇದೆ. ಅದನ್ನು ಬಿಡಿಸಿ ಹೇಳಲು ನನಗೆ ಇಷ್ಟು ವರ್ಷ ಹಿಡಿಯಿತು. ವಿಮರ್ಶೆ ಓದಿದವನಿಗೆ ಸಿನಿಮಾದ ಚೌಕಟ್ಟು, ಬೆಳಕು, ಹಿಂಸೆಯ ವೈಭವೀಕರಣ ಇವೆಲ್ಲ ಬೇಗ ಕಾಣುತ್ತವೆ. ದುಡಿದವನಿಗೆ ಕಾಣುವುದೇ ಬೇರೆ.

‘ಕೆಜಿಎಫ್’ ಚಿತ್ರದ ನರಾಚಿ ಒಂದು ಕಟ್ಟುಕಥೆಯ ಸಾಮ್ರಾಜ್ಯ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಲ್ಲದಿದ್ದರೆ “ಕಲ್ಪನೆ ಕಣ್ರೀ, ಸಿನಿಮಾನ ಸಿನಿಮಾ ಥರ ನೋಡ್ರೀ” ಎಂದು ಮೇಲೆ ಬೀಳುವವರಿದ್ದಾರೆ. ಆಯಿತು, ಕಲ್ಪನೆಯೇ. ಅದಕ್ಕೊಬ್ಬ ಮೂಲಪುರುಷ ಸೂರ್ಯವರ್ಧನ, ಯುವರಾಜ ಗರುಡ, ದಾಯಾದಿ ಅಧೀರ. ಕೋಟೆಯಂಥ ಗೋಡೆ, ಕಾವಲು ಸೈನ್ಯ, ಬಲಿ ಕೇಳುವ ದೇವಿ, ಸಿಂಹಾಸನಕ್ಕಾಗಿ ಹೊಂಚುವ ಪಾಲುದಾರರು. ಬಂದೂಕು, ಕಾರು ತೆಗೆದುಹಾಕಿದರೆ ನಾವು ಚಿಕ್ಕಂದಿನಲ್ಲಿ ‘ಚಂದಮಾಮ’ದಲ್ಲಿ ಓದಿದ ರಾಜರ ಕಥೆಗಳ ವಂಶಕ್ಕೇ ಸೇರಿದ ಕಥೆ. ಆದರೆ ಕಲ್ಪನೆ ಎನ್ನುವುದು ಆಕಾಶದಿಂದ ಉದುರುವುದಿಲ್ಲವಲ್ಲ! ಏನನ್ನು ಇಟ್ಟುಕೊಳ್ಳಬೇಕು, ಏನನ್ನು ಬಿಡಬೇಕು ಎಂದು ಕಲ್ಪಿಸುವವನು ಆರಿಸುತ್ತಾನೆ. ನರಾಚಿಯನ್ನು ಕಲ್ಪಿಸಿದವರು ಊರಿನ ಹೆಸರನ್ನು ಇಟ್ಟುಕೊಂಡರು. ಸೈನೈಡ್ ದಿಬ್ಬಗಳನ್ನು ಇಟ್ಟುಕೊಂಡು ಅಲ್ಲೇ ಸೆಟ್ ಹಾಕಿದರು. ಸುರಂಗ, ಧೂಳು, ಕರಿ ಮುಖ ಎಲ್ಲವನ್ನೂ ಇಟ್ಟುಕೊಂಡರು. ಬಿಟ್ಟದ್ದು ಎರಡು: ಕೂಲಿ ಮತ್ತು ಜಾತಿ.

ಎರಡನ್ನೂ ಒಟ್ಟಿಗೇ ಬಿಟ್ಟದ್ದು ಆಕಸ್ಮಿಕವೆಂದು ನನಗನಿಸುವುದಿಲ್ಲ.

ಸಿನಿಮಾದ ಪ್ರಕಾರ ಕೋಲಾರದ ಚಿನ್ನ ಸಿಕ್ಕಿದ್ದು 1951ರಲ್ಲಿ. ನಾಯಕ ರಾಕಿ ಹುಟ್ಟಿದ ಹೊತ್ತಿಗೇ ಚಿನ್ನವೂ ಹುಟ್ಟಿತು. ಸುಣ್ಣದಕಲ್ಲಿನ ಗಣಿ ಎಂಬ ನೆಪ ಹೇಳಿ ಸೂರ್ಯವರ್ಧನ ನೆಲವನ್ನು ಗುತ್ತಿಗೆಗೆ ಹಿಡಿದ. ಜನರನ್ನು ತಂದು ಕೂಡಿಹಾಕಿದ. ಒಳಗೆ ಹೋದವರು ಹೊರಗೆ ಬರಲಿಲ್ಲ. ಕಥೆಗೆ ಬೇಕಾದ ಜೋಡಣೆ, ಇರಲಿ. ಆದರೆ 1951 ಎಂದು ಗೆರೆ ಎಳೆದ ಕೂಡಲೇ ಹಿಂದಿನ ಎಪ್ಪತ್ತು ವರ್ಷ ಮಾಯವಾಗುತ್ತದೆ. ಜಾನ್ ಟೇಲರ್ ಕಂಪನಿ ಕೋಲಾರದ ನೆಲಕ್ಕಿಳಿದದ್ದು 1880ರಲ್ಲಿ. ಅದಕ್ಕೂ ಮುಂಚೆ, 1802ರಲ್ಲಿ, ಮೈಸೂರಿನ ಪೂರ್ವದ ಗಡಿ ಅಳೆಯಲು ಬಂದ ವಾರನ್ ಎಂಬ ಬ್ರಿಟಿಷ್ ಅಧಿಕಾರಿ ಇಲ್ಲಿ ಚಿನ್ನವಿದೆ ಎಂಬ ಮಾತು ಕೇಳಿ ಬಹುಮಾನ ಘೋಷಿಸಿದ. ಹಳ್ಳಿಯವರು ಗಾಡಿಯಲ್ಲಿ ಮಣ್ಣು ಹೇರಿಕೊಂಡು ಬಂದು ಅವನ ಮುಂದೆಯೇ ತೊಳೆದು ಚಿನ್ನದ ಕಣ ತೋರಿಸಿದರು. ಮಾರಿಕುಪ್ಪಂ ಬಳಿ ಗುಂಡಿಗಳಿಗೆ ಇಳಿದು ಕಲ್ಲು ತೆಗೆಯುತ್ತಿದ್ದವರು ಪರೆಯರು. ಆ ಕಲ್ಲನ್ನು ಕುಟ್ಟಿ ಪುಡಿ ಮಾಡುತ್ತಿದ್ದವರು ಅವರ ಹೆಂಗಸರು. ಬಿಳಿಯ ಬರುವ ಮುಂಚೆಯೂ ಆ ನೆಲದೊಳಕ್ಕೆ ಇಳಿದ ಕಾಲು ಯಾರದು ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಆಮೇಲೆ ಕಂಪನಿ ಬಂದಾಗ ಉತ್ತರ ಆರ್ಕಾಟು, ಸೇಲಂ, ಚಿತ್ತೂರಿನ ಚೇರಿಗಳಿಂದ ಜನ ಬಂದರು. ಬಹುಪಾಲು ಅಸ್ಪೃಶ್ಯರು. ಯಾಕೆ ಬಂದರು? ಊರಿನಲ್ಲಿ ಜೀತ, ಬರ, ಭೂಮಾಲೀಕನ ಚಾವಟಿ. ಇಲ್ಲಿ ಸಾವು ಹತ್ತಿರ, ಆದರೆ ಕೂಲಿ ನಗದು. ಈ ‘ನಗದು’ ಎಂಬ ಮಾತನ್ನು ನಮ್ಮ ವಿಮರ್ಶಕರು ಇನ್ನೂ ಸರಿಯಾಗಿ ಓದಿಲ್ಲ. ಹಳ್ಳಿಯಲ್ಲಿ ಮೊರಕ್ಕೆ ದೂರದಿಂದ ಸುರಿಯುತ್ತಿದ್ದ ರಾಗಿಗೂ, ಕಟಕಟೆಯಲ್ಲಿ ಹೆಸರು ಕೂಗಿ ಎಣಿಸಿ ಕೊಡುವ ದುಡ್ಡಿಗೂ ನಡುವೆ ಇರುವ ದೂರ ಎಷ್ಟು ಅಂತ ಹೊಲಗೇರಿಯಲ್ಲಿ ಹುಟ್ಟಿದವನಿಗೆ ಮಾತ್ರ ಗೊತ್ತು. ದುಡ್ಡಿಗೆ ಮೈಲಿಗೆ ಇಲ್ಲ. ಸಂಬಳದ ದಿನ ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆಯ ಬಜಾರುಗಳು ಹೇಗೆ ತುಂಬಿಕೊಳ್ಳುತ್ತಿದ್ದವು ಅಂತ ಮಾವ ಹೇಳುತ್ತಾರೆ. ಸಾಲ ಕೊಟ್ಟವನೂ ಅದೇ ದಿನ ದಾರಿಯಲ್ಲಿ ನಿಂತಿರುತ್ತಿದ್ದ, ಅದನ್ನೂ ಹೇಳುತ್ತಾರೆ. ಆದರೆ “ಅವತ್ತು ಒಂದಿನ ನಾವು ಅಂಗಡಿಯವ್ನ ಮುಂದೆ ನೇರ ನಿಂತ್ಕೊಳ್ತಿದ್ವಿ” ಅನ್ನುವಾಗ ಅವರ ದನಿ ಬೇರೆಯಾಗುತ್ತದೆ.

ಹಾಗಂತ ಕೆಜಿಎಫ್ ಒಂದು ಸ್ವರ್ಗವಾಗಿತ್ತು ಎಂದು ನಾನು ಹೇಳಹೊರಟಿಲ್ಲ. ತಟ್ಟಿಯ ಗುಡಿಸಲುಗಳ ಕೂಲಿ ಲೈನು ಒಂದು ಕಡೆ, ಕ್ಲಬ್ಬು ಬಂಗಲೆಗಳ ‘ಪುಟ್ಟ ಇಂಗ್ಲೆಂಡ್’ ಇನ್ನೊಂದು ಕಡೆ. ಮೂರು ಕಿಲೋಮೀಟರಿಗೂ ಆಳ ಹೋದ ಚಾಂಪಿಯನ್ ರೀಫ್ ಗಣಿಯಲ್ಲಿ ಬಂಡೆಯೇ ಸುಡುತ್ತಿತ್ತು. ಮೇಲಿನ ಭಾರಕ್ಕೆ ಬಂಡೆ ಸಿಡಿದು ಜನ ಅಲ್ಲೇ ಹೂತುಹೋಗುತ್ತಿದ್ದರು. 1940ರ ದಶಕದಲ್ಲಿ ಸಾವಿರಾರು ಗಣಿಕಾರ್ಮಿಕರ ಎದೆ ತಪಾಸಣೆ ಮಾಡಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನರಲ್ಲಿ ಸಿಲಿಕೋಸಿಸ್ ಕಂಡಿತು. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು ಕಲ್ಲಾಗುವ ರೋಗ. ಗಣಿಯಿಂದ ಹೊರಗೆ ಬರುವಾಗ ಚಿನ್ನ ಕದ್ದಿದ್ದಾನೆಯೇ ಎಂದು ಮೈಯೆಲ್ಲ ತಡಕುತ್ತಿದ್ದರು. ಅಂದರೆ ಚಿನ್ನ ತೆಗೆಯುವವನೇ ಚಿನ್ನದ ಕಳ್ಳ ಎಂದು ಮೊದಲೇ ಬರೆದಿಟ್ಟ ಕಾನೂನು. ಇಷ್ಟೆಲ್ಲ ಕ್ರೌರ್ಯ ಸಿನಿಮಾಕ್ಕೆ ಸಾಲದೆ ಹೋಯಿತೆ? ಚಾವಟಿ ಹಿಡಿದ ರಾಕ್ಷಸನನ್ನೇ ತರಬೇಕಿತ್ತೆ?

ತರಬೇಕಿತ್ತು. ಯಾಕೆಂದರೆ ಕೂಲಿಕಾರನನ್ನು ಯಾವ ವೀರನೂ ಬಂದು ಬಿಡುಗಡೆ ಮಾಡಲಾರ. ಕೂಲಿಕಾರನಿಗೆ ಬೇಕಾದದ್ದು ಹೆಚ್ಚು ಕೂಲಿ, ಕಡಿಮೆ ಗಂಟೆ, ಔಷಧ, ಪರಿಹಾರ, ಪಿಂಚಣಿ. ಇವನ್ನು ಕತ್ತಿ ಬೀಸಿ ಕೊಡಿಸಲು ಬರುವುದಿಲ್ಲ. ಇವಕ್ಕೆ ಸಂಘ ಬೇಕು, ಅರ್ಜಿ ಬೇಕು, ಮುಷ್ಕರ ಬೇಕು, ವರ್ಷಗಟ್ಟಲೆ ಜಗಳ ಬೇಕು. ಆದರೆ ಅದೇ ಮನುಷ್ಯನನ್ನು ಗುಲಾಮ ಎಂದು ಬರೆದುಬಿಟ್ಟರೆ ಅವನಿಗೆ ಒಬ್ಬ ರಾಜ ಸಾಕು. ಗುಲಾಮನ ಕಣ್ಣು ಯಾವಾಗಲೂ ಬಾಗಿಲ ಕಡೆ ನೋಡುತ್ತಿರುತ್ತದೆ ಎನ್ನುವುದು ಯಜಮಾನರ ಸಾಹಿತ್ಯದ ಹಳೆಯ ನಂಬಿಕೆ. ನರಾಚಿಯ ಜನ ಅದನ್ನೇ ಮಾಡುತ್ತಾರೆ: ಕಾಯುತ್ತಾರೆ. ಮೊದಲ ಭಾಗದ ಕೊನೆಗೆ ರಾಕಿ ಗರುಡನ ತಲೆ ಕಡಿದ ಮೇಲೆ ಅವರು ಗಣಿ ನಿಲ್ಲಿಸಿ ಮನೆಗೆ ಹೋಗುವುದಿಲ್ಲ. ಎರಡನೆಯ ಭಾಗದಲ್ಲಿ ಅಗೆತ ಇನ್ನೂ ಜೋರಾಗುತ್ತದೆ. ಈಗ ಚಾವಟಿ ಇಲ್ಲ, ಭಕ್ತಿ ಇದೆ. ಕೊನೆಗೆ ಅವರು ಅಗೆದುಕೊಟ್ಟ ಚಿನ್ನವೆಲ್ಲ ರಾಕಿಯ ಜೊತೆ ಕಡಲ ತಳಕ್ಕೆ ಹೋಗುತ್ತದೆ. ನಾಯಕನ ದುರಂತವೆಂದು ನಾವು ಕಣ್ಣೊರೆಸಿಕೊಳ್ಳುತ್ತೇವೆ. ಅಗೆದವರ ಪಾಲೆಲ್ಲಿ ಎಂದು ಕೇಳಲು ನಮ್ಮ ಮಾವನಂಥವರೇ ಬೇಕು.

ಇನ್ನು ತೆರಿಗೆಯ ಮಾತು. ನರಾಚಿ ಸರ್ಕಾರದ ಕಣ್ಣು ತಪ್ಪಿಸಿ ನಡೆಯುವ ಸಾಮ್ರಾಜ್ಯ. ಅಲ್ಲಿ ದೊರೆಗೂ ಪ್ರಭುತ್ವಕ್ಕೂ ಸಂಬಂಧವಿಲ್ಲ. ಪ್ರಭುತ್ವ ಬರುವುದೇ ಕೊನೆಗೆ, ಪ್ರಧಾನಿ ರಮಿಕಾ ಸೇನ್ ಎಂಬ ಹೆಸರಲ್ಲಿ, ಸೈನ್ಯದ ಸಮೇತ, ಕಾನೂನಿನ ದೇವತೆಯಾಗಿ. ಇಂಥ ಶುದ್ಧ ಪ್ರಭುತ್ವ ಈ ನೆಲದ ಮೇಲೆ ಯಾವತ್ತು ಇತ್ತು? ನಿಜವಾದ ಕೋಲಾರದಲ್ಲಿ ಪ್ರಭುತ್ವ ಮೊದಲ ದಿನದಿಂದಲೂ ಗಣಿಯ ಬಾಯಲ್ಲೇ ಕೂತಿತ್ತು, ರಾಯಧನ ಎಣಿಸಿಕೊಳ್ಳುತ್ತ. ತೆಗೆದ ಚಿನ್ನದ ಬೆಲೆಯಲ್ಲಿ ನೂರಕ್ಕೆ ಐದು ಮೈಸೂರು ಸರ್ಕಾರಕ್ಕೆ. ಲಾಭ ಲಂಡನ್ನಿನ ಪಾಲುದಾರರಿಗೆ. ಮೈಸೂರು ಅರಸರು ತಾವೇ ಬ್ರಿಟಿಷರಿಗೆ ಕಪ್ಪ ಕಟ್ಟುತ್ತಿದ್ದವರು. 1896ರಿಂದ ಅದು ವರ್ಷಕ್ಕೆ 35 ಲಕ್ಷ ರೂಪಾಯಿ. 1902ರಲ್ಲಿ ಶಿವನಸಮುದ್ರದ ನೀರಿನಿಂದ ಹುಟ್ಟಿದ ಕರೆಂಟು ಸುಮಾರು ನೂರೈವತ್ತು ಕಿಲೋಮೀಟರು ತಂತಿಯ ಮೇಲೆ ಓಡಿ ಮೊದಲು ತಲುಪಿದ್ದು ಕೋಲಾರದ ಗಣಿಯಂತ್ರಗಳನ್ನು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ.

‘ಮಾದರಿ ಮೈಸೂರು’ ಎಂದು ನಾವು ಹಾಡಿಹೊಗಳುವ ಸಂಸ್ಥಾನದ ಬೊಕ್ಕಸದಲ್ಲಿ ಈ ರಾಯಧನ ಇತ್ತು. ನಮ್ಮ ಸಭೆಗಳಲ್ಲಿ ಅಂಬೇಡ್ಕರರ ಪಕ್ಕ ನಾಲ್ವಡಿ ಕೃಷ್ಣರಾಜರ ಫೋಟೋ ಇಡುತ್ತೇವೆ. ಇಡಬೇಕು ಕೂಡ. 1918ರ ಮಿಲ್ಲರ್ ಸಮಿತಿ ಇಲ್ಲದೆ ಇವತ್ತಿನ ಎಷ್ಟೋ ಶೂದ್ರ ಮೇಷ್ಟರು ಇರುತ್ತಿರಲಿಲ್ಲ. ಆದರೆ ಆ ಉದಾರತೆಯ ಖರ್ಚಿನಲ್ಲಿ ಒಂದು ಪಾಲು ಯಾರ ಎದೆಯ ಧೂಳಿನಿಂದ ಬಂತು ಎಂದು ಒಂದು ಸಾಲು ಬರೆಯುವುದು ಕೃತಘ್ನತೆಯೇನೂ ಅಲ್ಲ. ಅರಸನ ಚರಿತ್ರೆ ಬರೆಯುವವರು ಅರಸ ಏನು ಕೊಟ್ಟ ಎಂದು ಬರೆಯುತ್ತಾರೆ. ಅವನಿಗೆ ಯಾರು ಕೊಟ್ಟರು ಎಂದು ಬರೆಯುವ ಕೆಲಸ ನಮಗೇ ಬಿಟ್ಟದ್ದು.

ಯುದ್ಧದ ವಿಷಯ ಬಂದಾಗ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಸಿನಿಮಾದಲ್ಲಿ ಯುದ್ಧವೆಂದರೆ ಒಬ್ಬ ನೂರಾರು ಜನರನ್ನು ಹೊಡೆದುರುಳಿಸುವುದು, ದೈತ್ಯ ಮೆಷಿನ್‌ಗನ್ನು ಕೆಂಪಗೆ ಕಾಯುವ ತನಕ ಗುಂಡು ಹಾರಿಸುವುದು. ಜನ ಸುತ್ತ ನಿಂತು ನೋಡುತ್ತಾರೆ. 1930ರಲ್ಲಿ ಕೆಜಿಎಫ್‌ನಲ್ಲಿ ಏನಾಯಿತು ಗೊತ್ತೆ? ಎಲ್ಲ ಕಾರ್ಮಿಕರೂ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕು ಎಂದು ಆಡಳಿತ ಆಜ್ಞೆ ಮಾಡಿತು. ಬೆರಳಚ್ಚು ತೆಗೆಯುವುದು ಕಳ್ಳರದ್ದು, ಕೈದಿಗಳದ್ದು. ಜನ ಕೊಡಲ್ಲ ಅಂದರು. ಸಾವಿರಾರು ಮಂದಿ ಗಣಿಗಿಳಿಯದೆ ದಿನಗಟ್ಟಲೆ ಕೂತರು. ಆಗ ಮೈಸೂರು ಸೀಮೆಯಲ್ಲಿ ಕಾರ್ಮಿಕ ಸಂಘಕ್ಕೆ ಕಾನೂನಿನ ಮಾನ್ಯತೆಯೇ ಇರಲಿಲ್ಲ. ಅದು ಬಂದದ್ದು 1940ರ ದಶಕದಲ್ಲಿ. ಸಂಘವಿಲ್ಲ, ಹೆಸರು ಹೇಳಬಹುದಾದ ದೊಡ್ಡ ಮುಖಂಡನಿಲ್ಲ, ಆಗಸದಿಂದ ಇಳಿದ ರಾಕಿಯೂ ಇಲ್ಲ. ಹೆಬ್ಬೆರಳು ಕೊಡಲ್ಲ ಅಂದರು, ಅಷ್ಟೆ. ಏಕಲವ್ಯನ ಕಥೆ ಓದಿದ ಯಾವ ದಲಿತ ಕವಿಯಾದರೂ ಈ ಘಟನೆಯನ್ನು ಎತ್ತಿಕೊಳ್ಳಬಹುದಿತ್ತು. ಬೆರಳು ಕೇಳಿದ ದ್ರೋಣನಿಗೆ ಒಂದು ಊರಿಗೆ ಊರೇ ಇಲ್ಲ ಎಂದ ದಿನ ಅದು. ನಮ್ಮ ಕಾವ್ಯದಲ್ಲಿ ಏಕಲವ್ಯ ಎಷ್ಟು ಸಲ ಬಂದಿದ್ದಾನೆ, ಲೆಕ್ಕವಿಲ್ಲ. ಕೆಜಿಎಫ್‌ನ ಆ ಹೆಬ್ಬೆರಳು ಬಂದದ್ದನ್ನು ನಾನು ನೋಡಿಲ್ಲ. 1946ರ ಹೋರಾಟದಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಸತ್ತರು. ಅದೂ ಯುದ್ಧವೇ. ಆದರೆ ಅಲ್ಲಿ ಗನ್ನು ಯಾರ ಕೈಯಲ್ಲಿತ್ತು ಎಂಬುದು ಸಿನಿಮಾಕ್ಕೆ ಒಗ್ಗುವುದಿಲ್ಲ.

ಇದು ಒಂದು ಸಿನಿಮಾದ ಕಾಯಿಲೆಯಲ್ಲ. ‘ಬಾಹುಬಲಿ’ಯ ಮಾಹಿಷ್ಮತಿ ನೋಡಿ. 2015ರಲ್ಲಿ ಮೊದಲ ಭಾಗ, 2017ರಲ್ಲಿ ಎರಡನೆಯದು. ಅಲ್ಲಿ ಕಟ್ಟಪ್ಪ ವಂಶಪಾರಂಪರ್ಯವಾಗಿ ಸಿಂಹಾಸನಕ್ಕೆ ದಾಸ. ಶೂರ, ಜಾಣ, ಶಸ್ತ್ರವಿದ್ಯೆಯಲ್ಲಿ ಅವನಿಗೆ ಸಮರಿಲ್ಲ. ಆದರೂ ರಾಜನ ಮಗನ ಪಾದವನ್ನು ತಲೆಯ ಮೇಲೆ ಇಟ್ಟುಕೊಂಡಾಗ ನಾವು ಪುಳಕಗೊಳ್ಳಬೇಕು! ಹೊರಗಿನಿಂದ ಬರುವ ಕಾಲಕೇಯರು ಕಪ್ಪು ಮೈಯವರು, ಅರ್ಥವಾಗದ ಭಾಷೆಯವರು. ಆ ಭಾಷೆಯನ್ನೂ ಸಿನಿಮಾದವರೇ ಹೊಸದಾಗಿ ಹುಟ್ಟಿಸಿದರು, ಅಸಹ್ಯವಾಗಿ ಕೇಳಿಸಲಿ ಅಂತ. ಮಹಿಷನ ಹೆಸರಿನ ಊರನ್ನು ಕಟ್ಟಿ ಅದರೊಳಗೆ ಕ್ಷತ್ರಿಯರನ್ನು ಕೂರಿಸಿ, ಮಹಿಷನ ಬಣ್ಣದವರನ್ನು ಗಡಿಯಾಚೆ ನಿಲ್ಲಿಸಿದ್ದಾರೆ. ಇಷ್ಟು ಸಾಕು, ಇದರ ಬಗ್ಗೆ ಬೇರೆಯವರು ಬರೆದಿದ್ದಾರೆ.

ಈಗ ಕಷ್ಟದ ಪ್ರಶ್ನೆ. ‘ಕೆಜಿಎಫ್’ ಎರಡನೆಯ ಭಾಗ ಬಿಡುಗಡೆಯಾದದ್ದು 2022ರ ಏಪ್ರಿಲ್ 14ರಂದು. ಅಂಬೇಡ್ಕರ್ ಜಯಂತಿ. ಬೆಳಿಗ್ಗೆ ನೀಲಿ ಬಾವುಟ ಹಿಡಿದು ಮೆರವಣಿಗೆಯಲ್ಲಿ ಬಂದ ನಮ್ಮ ಹುಡುಗರೇ ಮಧ್ಯಾಹ್ನ ಅದೇ ನೀಲಿ ಶಾಲು ಕೊರಳಲ್ಲಿ ಹಾಕಿಕೊಂಡು ಥಿಯೇಟರಿನ ಮುಂದೆ ಸಾಲು ನಿಂತಿದ್ದರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ರಾಕಿ ತಾಯಿಯ ಹಸಿವು ನೋಡಿ ಬೆಳೆದವನು. ಬೀದಿಯಲ್ಲಿ ಒಬ್ಬನೇ ನಿಂತವನು. ಅವನ ಜಾತಿ ಯಾವುದೆಂದು ಸಿನಿಮಾ ಹೇಳುವುದಿಲ್ಲ. ಆ ಖಾಲಿ ಜಾಗದಲ್ಲಿ ನಮ್ಮ ಹುಡುಗರು ತಮ್ಮ ಜಾತಿ ಬರೆದುಕೊಳ್ಳುತ್ತಾರೆ. ಯಾರ ಮುಂದೆಯೂ ತಲೆ ತಗ್ಗಿಸದೆ ಸಂಸತ್ತಿನೊಳಗೇ ನಡೆದುಹೋಗುವ ಒಬ್ಬನನ್ನು ನೋಡುವ ಆಸೆ ಹುಸಿಯಲ್ಲ. ಕೆಲಸವಿಲ್ಲದೆ, ಬೆಳಗಿನ ಜಾವ ಮಾರಿಕುಪ್ಪಂನಿಂದ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ವಾಪಸು ಬರುವ ಹುಡುಗನಿಗೆ ಆ ಮೂರು ಗಂಟೆ ಏನು ಕೊಡುತ್ತದೆ ಎನ್ನುವುದನ್ನು ತಿಳಿಯದೆ ಬರೆದ ವಿಮರ್ಶೆ ಮೇಷ್ಟರ ವಿಮರ್ಶೆಯಾಗುತ್ತದೆ. ನನ್ನ ತಕರಾರು ಹುಡುಗರ ಕನಸಿನ ಮೇಲಲ್ಲ. ಅವರ ಅಜ್ಜಂದಿರ ಕನಸನ್ನು ಅವರಿಂದ ಮುಚ್ಚಿಟ್ಟವರ ಮೇಲೆ. ಆ ಮುಚ್ಚಿಟ್ಟವರಲ್ಲಿ ನಾನೂ ಒಬ್ಬ. ಅದನ್ನೇ ಈಗ ಹೇಳಬೇಕು.

ಯಾಕೆಂದರೆ ಕೆಜಿಎಫ್‌ನ ಜನರಿಗೆ ತಮ್ಮದೇ ಆದ ಒಂದು ಕಲ್ಪನೆಯ ಸಾಮ್ರಾಜ್ಯ ಇತ್ತು.

ಅಯೋತಿದಾಸ ಪಂಡಿತರು (1845–1914) ತಮಿಳುನಾಡಿನ ದಲಿತ ಚಿಂತಕರು, ಸಿದ್ಧವೈದ್ಯರು. 1898ರಲ್ಲಿ ಸಿಂಹಳಕ್ಕೆ ಹೋಗಿ ಬೌದ್ಧರಾದರು. ಮದರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. 1907ರಲ್ಲಿ ‘ಒರು ಪೈಸಾ ತಮಿಳನ್’ ಎಂಬ ವಾರಪತ್ರಿಕೆ ಶುರು ಮಾಡಿದರು. ಮುಂದೆ ಅದೇ ‘ತಮಿಳನ್’ ಆಯಿತು. ಅವರ ಸಂಘದ ಶಾಖೆ ಮಾರಿಕುಪ್ಪಂನಲ್ಲಿ, ಚಾಂಪಿಯನ್ ರೀಫ್‌ನಲ್ಲಿ ಬೇರು ಬಿಟ್ಟಿತು. ಗಣಿ ಶಿಫ್ಟು ಮುಗಿಸಿ ಬಂದವರು ಬುದ್ಧವಿಹಾರದಲ್ಲಿ ಕೂತು ಪತ್ರಿಕೆ ಓದಿಸಿ ಕೇಳುತ್ತಿದ್ದರು. ನಾಗಪುರದ ದೀಕ್ಷೆ 1956ರಲ್ಲಿ. ಅದಕ್ಕೆ ಹತ್ತಿರ ಹತ್ತಿರ ಅರ್ಧ ಶತಮಾನ ಮೊದಲೇ ನಮ್ಮ ಕೋಲಾರ ಜಿಲ್ಲೆಯ ಕೂಲಿಲೈನಿನಲ್ಲಿ ಬೌದ್ಧರಿದ್ದರು! ಪಂಡಿತರು ತೀರಿಕೊಂಡ ಮೇಲೆ ನಿಂತುಹೋಗಿದ್ದ ‘ತಮಿಳನ್’ ಪತ್ರಿಕೆಯನ್ನು 1926ರಲ್ಲಿ ಮತ್ತೆ ಎಬ್ಬಿಸಿದ್ದು ಕೆಜಿಎಫ್‌ನಿಂದ, ಅಪ್ಪಾದುರೈಯವರ ಸಂಪಾದಕತ್ವದಲ್ಲಿ. ಪಂಡಿತರ ಪುಸ್ತಕಗಳನ್ನು ಅಚ್ಚು ಹಾಕಿ ಉಳಿಸಿಕೊಂಡದ್ದೂ ಅಲ್ಲಿನ ಸಿದ್ಧಾರ್ಥ ಪುಸ್ತಕಶಾಲೆ. ಬಾಬಾಸಾಹೇಬರು 1954ರಲ್ಲಿ ಕೆಜಿಎಫ್‌ಗೆ ಬಂದಾಗ ಹೊಸ ಊರಿಗೆ ಬಂದಿರಲಿಲ್ಲ; ತಮಗಿಂತ ಮೊದಲೇ ಬುದ್ಧನ ಕಡೆ ಹೊರಟಿದ್ದವರ ಮನೆಗೆ ಬಂದಿದ್ದರು.

ಪಂಡಿತರು ಬರೆದದ್ದರಲ್ಲಿ ಒಂದು ‘ಇಂದಿರರ್ ದೇಶ ಚರಿತ್ರೆ’. ಇಂದ್ರರ ದೇಶ. ಅವರ ಲೆಕ್ಕದಲ್ಲಿ ಇಂದ್ರನೆಂದರೆ ಇಂದ್ರಿಯಗಳನ್ನು ಗೆದ್ದ ಬುದ್ಧ. ಈ ದೇಶವೆಲ್ಲ ಬೌದ್ಧರಾಳುತ್ತಿದ್ದ ಸಾಮ್ರಾಜ್ಯವಾಗಿತ್ತು. ಹೊರಗಿನಿಂದ ಬಂದವರು ಬ್ರಾಹ್ಮಣರ ವೇಷ ಹಾಕಿ, ವಿಹಾರಗಳನ್ನು ಕಸಿದು, ಒಪ್ಪದವರನ್ನು ಪರೆಯರು ಎಂದು ಊರಾಚೆ ತಳ್ಳಿದರು. ಶೈವರ ಕಥೆಯಲ್ಲಿ ಜೀತದಾಳಾಗಿ ದೇವರ ದರ್ಶನಕ್ಕೆ ಅಂಗಲಾಚುವ ನಂದ, ಪಂಡಿತರ ಕಥೆಯಲ್ಲಿ ಒಬ್ಬ ಅರಸ. ವೇಷಧಾರಿಗಳನ್ನು ಪ್ರಶ್ನೆ ಮಾಡಿದ್ದಕ್ಕೆ ಮೋಸದಿಂದ ಕೊಲೆಯಾದ ಅರಸ.

ಇದು ಚರಿತ್ರೆಯೇ? ಇತಿಹಾಸದ ಪ್ರೊಫೆಸರುಗಳು ಒಪ್ಪುವುದಿಲ್ಲ. ಶಾಸನ ಎಲ್ಲಿ, ಆಧಾರ ಎಲ್ಲಿ ಅನ್ನುತ್ತಾರೆ. ನಾನೂ ಅದನ್ನು ಅಕ್ಷರಶಃ ನಂಬಿ ಎಂದು ಹೇಳಲಾರೆ. ಕಲ್ಪನೆಯೆಂದೇ ಇಟ್ಟುಕೊಳ್ಳೋಣ. ನರಾಚಿಯ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಎರಡಕ್ಕೂ ಕೋಲಾರದ ಒಂದೇ ಮಣ್ಣಿನ ನಂಟು. ಒಂದರಲ್ಲಿ ಗಣಿಯವನು ಹೆಸರಿಲ್ಲದ ಗುಲಾಮ, ದೊರೆ ಹೊರಗಿನಿಂದ ಬರಬೇಕು. ಇನ್ನೊಂದರಲ್ಲಿ ಗಣಿಯವನೇ ಪದಚ್ಯುತ ಅರಸು ಮನೆತನ; ಅವನಿಗೆ ಬೇಕಾದದ್ದು ಹೊಸ ದೊರೆಯಲ್ಲ, ಓದು, ನೀತಿ ಮತ್ತು ತನ್ನ ಹೆಸರು. ಒಂದನ್ನು ದೇಶವೆಲ್ಲ ನೋಡಿತು. ಇನ್ನೊಂದನ್ನು ಓದುತ್ತಿದ್ದವರು ಹಗಲು ಶಿಫ್ಟಿನಲ್ಲಿ ಭೂಮಿಯೊಳಗೆ ಇಳಿಯುತ್ತಿದ್ದರು. ಸಿನಿಮಾದಲ್ಲಿ ಒಬ್ಬ ಪತ್ರಕರ್ತ ನರಾಚಿಯ ಕಥೆ ಬರೆಯುತ್ತಾನೆ, ಸರ್ಕಾರ ಆ ಪುಸ್ತಕವನ್ನು ಸುಟ್ಟುಹಾಕುತ್ತದೆ. ಇಲ್ಲದ ಪುಸ್ತಕವನ್ನು ಸುಟ್ಟದ್ದಕ್ಕೆ ನಾವು ಮರುಗುತ್ತೇವೆ. ಇರುವ ಪತ್ರಿಕೆಯನ್ನು ಯಾರೂ ಸುಡಲಿಲ್ಲ. ಸುಡುವ ಅಗತ್ಯವೇ ಬೀಳಲಿಲ್ಲ, ನಾವೇ ಓದಲಿಲ್ಲವಲ್ಲ.

ನಾವು ಎಂದರೆ ಕನ್ನಡದ ದಲಿತ ಚಳವಳಿ. 1973ರ ಬೂಸಾ ಪ್ರಕರಣದಿಂದ ಶುರುವಾಗುವ ನಮ್ಮ ಕಥೆಯನ್ನು ಎಷ್ಟು ಸಲ ಹೇಳಿಕೊಂಡಿದ್ದೇವೆ! ಮರಾಠಿಯ ಪ್ಯಾಂಥರರನ್ನು ಓದಿದೆವು, ಅಮೆರಿಕದ ಕರಿಯರ ಕಾವ್ಯ ಓದಿದೆವು, ಹನ್ನೆರಡನೆಯ ಶತಮಾನಕ್ಕೆ ಹೋಗಿ ಹರಳಯ್ಯನನ್ನು ಕರೆತಂದೆವು. ಕೋಲಾರದಿಂದ ಮೂವತ್ತು ಕಿಲೋಮೀಟರಿನಲ್ಲಿ, ರಿಪಬ್ಲಿಕನ್ ಪಕ್ಷದವರನ್ನು ಗೆಲ್ಲಿಸಿ ವಿಧಾನಸಭೆಗೆ ಕಳಿಸಿದ ಊರಿನಲ್ಲಿ, ದಲಿತರೇ ನಡೆಸಿದ ಪತ್ರಿಕೆಯೊಂದಿತ್ತು ಎನ್ನುವುದು ನನ್ನ ತಲೆಮಾರಿನ ಬಹುತೇಕರಿಗೆ ತಿಳಿಯಲಿಲ್ಲ. ಯಾಕೆ? ಅವರು ತಮಿಳರು. ಜಾತಿಯನ್ನು ದಾಟಿದೆವು ಎಂದುಕೊಂಡವರು ಭಾಷೆಯ ಬೇಲಿಯೊಳಗೆ ಹಾಯಾಗಿ ಕೂತಿದ್ದೆವು. ಸಭೆಗಳಲ್ಲಿ “ಕೆಜಿಎಫ್‌ನವರು ಬೇರೆ ಥರ” ಎಂದು ಮಾತಾಡಿಕೊಂಡದ್ದನ್ನು ನಾನೇ ಕೇಳಿದ್ದೇನೆ. ತಲೆಯಾಡಿಸಿದ್ದೇನೆ. ಆಮೇಲೆ ಅದೇ ಊರಿನ ಹೆಸರಿನಲ್ಲಿ ಸಿನಿಮಾ ಬಂದು ಕನ್ನಡದ ಹೆಮ್ಮೆಯಾದಾಗ ಊರು ನಮ್ಮದಾಯಿತು, ಜನ ಮಾತ್ರ ಆಗಲಿಲ್ಲ.

ಕನ್ನಡದ ದಲಿತರ ಬಾಯಲ್ಲೂ ಸಾಮ್ರಾಜ್ಯದ ಕಲ್ಪನೆಗಳಿಲ್ಲವೆಂದಲ್ಲ. ಮಲೆಮಾದೇಶ್ವರನ ಕಾವ್ಯದಲ್ಲಿ ಶ್ರವಣನೆಂಬ ದೊರೆ ದೇವಾನುದೇವತೆಗಳನ್ನೇ ಬಂಧನಕ್ಕೆ ಹಾಕಿ ದುಡಿಸಿಕೊಳ್ಳುತ್ತಾನೆ. ಅವನನ್ನು ಕೆಡವುವುದು ಕತ್ತಿಯಲ್ಲ, ಹರಳಯ್ಯ ಮಾಡಿಕೊಟ್ಟ ಪಾದರಕ್ಷೆ. ದುಡಿಮೆಯವನ ಕೈಯಲ್ಲಿ ಹುಟ್ಟಿದ ವಸ್ತುವೇ ದೊರೆಯ ಕಾಲು ಸುಡುತ್ತದೆ. ಮಂಟೇಸ್ವಾಮಿ ಕಾವ್ಯದಲ್ಲಿ ಹಲಗೂರಿನ ಪಾಂಚಾಳರ ಮನೆಬಾಗಿಲಿಗೆ ಸಿದ್ದಪ್ಪಾಜಿ ಹೋಗಿ ಕಬ್ಬಿಣದ ಭಿಕ್ಷೆ ಕೇಳುತ್ತಾನೆ. ಲೋಹ ಯಾರ ಹತ್ತಿರ ಇರಬೇಕು, ಯಾರು ಯಾರಿಗೆ ಕೊಡಬೇಕು ಎಂಬ ಜಗಳ ಅದು. ನೀಲಗಾರರು, ಕಂಸಾಳೆಯವರು ರಾತ್ರಿಯೆಲ್ಲ ಹಾಡುವ ಈ ಕಥೆಗಳಲ್ಲಿ ಕೆಲಸಕ್ಕೆ ಹೆಸರಿದೆ, ಕೆಲಸದವನಿಗೆ ಬಾಯಿದೆ, ಚೌಕಾಸಿ ಇದೆ. ಕಲ್ಪನೆ ಮಾಡುವುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಪ. ರಂಜಿತ್ ಅವರ ‘ತಂಗಲಾನ್’ 2024ರ ಆಗಸ್ಟ್ 15ರಂದು ಬಂದಾಗ ಬಹಳ ಆಸೆಯಿಂದ ನೋಡಿದೆ. ಉತ್ತರ ಆರ್ಕಾಟಿನ ಪರೆಯ ರೈತನೊಬ್ಬನ ನೆಲವನ್ನು ತೆರಿಗೆ ಬಾಕಿಯ ಹೆಸರಲ್ಲಿ ಜಮೀನ್ದಾರ ನುಂಗುತ್ತಾನೆ. ಆ ನೆಲ ಬಿಡಿಸಿಕೊಳ್ಳಲು ಅವನು ಬಿಳಿಯನ ಹಿಂದೆ ಚಿನ್ನ ಹುಡುಕಲು ಹೊರಡುತ್ತಾನೆ. ತೆರಿಗೆ, ನೆಲ, ಜಾತಿ, ಚಿನ್ನ, ಬುದ್ಧ ಇವೆಲ್ಲವನ್ನೂ ಒಂದೇ ಎಳೆಯಲ್ಲಿ ಪೋಣಿಸಿದ ಮೊದಲ ದೊಡ್ಡ ಸಿನಿಮಾ ಅದು. ನರಾಚಿ ಬಿಟ್ಟದ್ದನ್ನೆಲ್ಲ ಮರಳಿ ತಂದಿತು. ಪಂಡಿತರ ಇಂದ್ರದೇಶದ ನೆರಳು ಅಲ್ಲಿದೆ. ಆದರೆ ಎರಡನೆಯ ಅರ್ಧದಲ್ಲಿ ಮಾಯೆ, ರಕ್ತ, ಪೂರ್ವಜನ್ಮದ ಗದ್ದಲ ಹೆಚ್ಚಾಗಿ, ಕೊನೆಗೆ ಅದೂ ಒಬ್ಬ ಅವತಾರಪುರುಷನ ಕಥೆಯಾಗಿಬಿಡುತ್ತದೆ. ಅದು ನಿಲ್ಲುವುದು ಗಣಿ ಶುರುವಾಗುವ ಮುಂಚೆ. ಲೈನಿನ ಮನೆ, ಓದುವ ಕೋಣೆ, ಮುಷ್ಕರ ಇವೆಲ್ಲ ಆಮೇಲಿನವು. ಮಾವನಿಗೆ ಈ ಸಿನಿಮಾ ಹಿಡಿಸಿತು. “ಇದ್ರಲ್ಲಿ ಕೂಲಿ ಮಾತಾದ್ರೂ ಬಂತು” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ಎಣಿಸ್ಕೊಟ್ಟಿದ್ದು ತೋರಿಸ್ಲಿಲ್ಲ” ಅಂದರು.

ಸುಮಾರು 800 ಟನ್ ಚಿನ್ನ ಆ ನೆಲದಿಂದ ಹೋಯಿತು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಹೆಸರಾಯಿತು. ದೊರೆಗಳು ಬದಲಾದರು. ಉಳಿದದ್ದು ಸೈನೈಡ್ ದಿಬ್ಬ. ಗಾಳಿ ಬೀಸಿದರೆ ಅದರ ಧೂಳು ಇವತ್ತಿಗೂ ಲೈನಿನ ಅನ್ನದ ತಟ್ಟೆಗೆ ಬೀಳುತ್ತದೆ. ಸಿನಿಮಾದಲ್ಲಿ ಅದೇ ಧೂಳು ಎಷ್ಟು ಚಂದ ಕಾಣುತ್ತದೆ!

ಹೋದ ಬೇಸಿಗೆಯಿಂದ ನಾನೂ ಮಾವನೂ ಒಂದು ಕೆಲಸ ಹಿಡಿದಿದ್ದೇವೆ. ಭಾನುವಾರ ಅವರ ಮನೆಗೆ ಹೋಗುತ್ತೇನೆ. ಅವರು ಕನ್ನಡಕ ಏರಿಸಿ ‘ಇಂದಿರರ್ ದೇಶ ಚರಿತ್ರೆ’ಯ ಒಂದೊಂದು ವಾಕ್ಯ ಗಟ್ಟಿಯಾಗಿ ಓದುತ್ತಾರೆ, ಅರ್ಥ ಹೇಳುತ್ತಾರೆ, ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ. ಪಂಡಿತರ ತಮಿಳು ಹಳೆಯದು, ಗಂಟುಗಂಟು. ಒಂದು ಪುಟಕ್ಕೆ ಎರಡು ಭಾನುವಾರ ಬೇಕು. ಮಾವನಿಗೆ ಉಸಿರು ಸಾಲುವುದಿಲ್ಲ; ನಡುನಡುವೆ ನಿಲ್ಲಿಸಿ ನೀರು ಕುಡಿಯುತ್ತಾರೆ. ಅಕ್ಕ ಒಳಗಿನಿಂದ “ಸಾಕು ನಿಲ್ಸೋ, ಅವ್ರಿಗೆ ಸುಸ್ತಾಗ್ತದೆ” ಅಂತ ಬೈಯುತ್ತಾಳೆ. ಹೋದ ವಾರ ನಂದನ ಹತ್ತಿರ ಬಂದಿದ್ದೆವು. ‘ಅರಸನ್’ ಎಂಬ ಮಾತಿಗೆ ನಾನು ‘ರಾಜ’ ಎಂದು ಬರೆದದ್ದನ್ನು ಕಂಡು ಮಾವ ಪೆನ್ನು ಹಿಡಿದರು. “ರಾಜ ಬೇಡಪ್ಪಾ, ಅದು ಸಿನಿಮಾ ಥರ ಆಗ್ತದೆ. ನಿಮ್ಮಲ್ಲೂ ಅರಸ ಅಂತ ಇದೆಯಲ್ಲ, ಅದೇ ಹಾಕು” ಅಂದರು. ತಿದ್ದಿದೆ. ಈ ಭಾನುವಾರ ಮುಂದಿನ ಪುಟ.